ಮೊರದಲ್ಲಿ ಮರಳು

ವರ್ಷದ ಕೊನೆಯ ಊಟದ ದಿನ ಒಣಮೀನಿನ ಅಂಗಡಿಯ ಯಜಮಾನಿ ಕುಯಿಯೆಂಗ್, ಇಡಿಯಾಗಿ ಬೇಯಿಸಿದ ಕೋಳಿಯನ್ನು ತಂದು ಮೇಜಿನ ನಡುವೆ ಇಟ್ಟಳು. ಲುಕಾಂಗ್ ಊರಿನ ಹಳೆ ಬೀದಿಯಲ್ಲಿ ಕೆಲಸದವರೆಲ್ಲ ಆ ತಟ್ಟೆಗೆ ಹೆದರುತ್ತಿದ್ದ ಕಾಲವೊಂದಿತ್ತು. ಕೋಳಿಯ ತಲೆ ಯಾರ ಕಡೆ ತಿರುಗಿದೆಯೋ ಅವರಿಗೆ ಹೊಸ ವರ್ಷದಿಂದ ಕೆಲಸವಿಲ್ಲ ಎಂದರ್ಥ. ಬಾಯಿಬಿಟ್ಟು ಹೇಳುವ ಪಾಪ ಯಜಮಾನರಿಗೆ ತಪ್ಪುತ್ತಿತ್ತು. ಈಗೆಲ್ಲ ಯಜಮಾನರು ತಲೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ನಗುತ್ತಾರೆ. ಕುಯಿಯೆಂಗ್ ಮಾತ್ರ ತಟ್ಟೆಯನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ, ಮೂಲೆಯ ಗೋಣಿಯ ಮೇಲೆ ಮಲಗಿದ್ದ ಮುದಿ ಬೆಕ್ಕಿನ ನೇರಕ್ಕೆ ತಂದು ನಿಲ್ಲಿಸಿದಳು.

"ಏನಮ್ಮಾ ಕ್ಯಾಮ್, ಅರ್ಥ ಆಯ್ತಾ?"

ಗಂಡ ನಕ್ಕ, ಮಕ್ಕಳು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಅಂದು ಚೆಲ್ಲಾಟ ಮನುಷ್ಯರದು, ಸಂಕಟ ಬೆಕ್ಕಿನದು. ನಗದೆ ಕೂತವನು ಒಬ್ಬನೇ, ಅಂಗಡಿಯ ಹಳೆಯ ಆಳು ತ್ಯಾಮ್‌ಹೋಕ್.

ಅವತ್ತು ಬೆಳಗ್ಗೆ ಹೊಸ ವರ್ಷದ ಹಬ್ಬಕ್ಕೆಂದು ಒಣಸಿಗಡಿ ಕೊಳ್ಳಲು ಬಂದ ಹೆಂಗಸೊಬ್ಬಳು ಸಿಗಡಿಯ ತಟ್ಟೆಯನ್ನು ಮೂಸಿ, ಮುಖ ಸಿಂಡರಿಸಿ, ಎದುರು ಅಂಗಡಿಗೆ ಹೋಗಿದ್ದಳು. ಸಿಗಡಿಯಲ್ಲಿ ಬೆಕ್ಕಿನ ಉಚ್ಚೆ. ಅದು ಮೊದಲ ಸಲವೂ ಆಗಿರಲಿಲ್ಲ.

"ಹೋಕ್ ದೊಡ್ಡಪ್ಪ, ಮುಖ ಹಂಗೆ ಮಾಡ್ಕೋಬೇಡಿ," ಎಂದಳು ಕುಯಿಯೆಂಗ್. "ಬೆಕ್ಕು ಬಂದ್ರೆ ದೊಡ್ಡ ಮನೆ ಕಟ್ತಾರೆ ಅಂತ ಹಿರೀರು ಹೇಳ್ತಿದ್ರು. ಇದು ಕಟ್ಟಿರೋ ಮನೇನೇ ನಾರಿಸ್ತಿದೆ."

"ವಯಸ್ಸಾಗಿದೆ ಅಮ್ಮಾವ್ರೇ ಅದಕ್ಕೆ."

"ವಯಸ್ಸು ನಂಗೂ ಆಗಿದೆ. ನಾನೇನು ಸಿಗಡಿ ತಟ್ಟೇಲಿ ಕೂತ್ಕೋತೀನಾ?"

"ದೊಡ್ಡಮ್ಮಾವ್ರು ಉಪ್ಪು ಕೊಟ್ಟು ಕರ್ಕೊಂಡು ಬಂದಿದ್ದು ಅದನ್ನ..."

ಆ ಊರಿನ ಹಳಬರು ಬೆಕ್ಕನ್ನು ಕೊಳ್ಳುವುದಿಲ್ಲ. ತಾಯಿಬೆಕ್ಕಿನ ಮನೆಗೆ ಒಂದು ಪೊಟ್ಟಣ ಉಪ್ಪು ಕೊಟ್ಟು, ಸೊಸೆ ತಂದಂತೆ ಮರಿಯನ್ನು ತರುತ್ತಾರೆ. ಕುಯಿಯೆಂಗಳ ಅತ್ತೆ ಹಾಗೆಯೇ ತಂದಿದ್ದಳು. ಅದಕ್ಕೇ ಕ್ಯಾಮ್, ಅಂದರೆ ಉಪ್ಪುಪ್ಪು, ಎಂದು ಹೆಸರು.

"ದೊಡ್ಡಮ್ಮಾವ್ರೂ ಹೋದ್ರು, ಉಪ್ಪೂ ಕರಗ್ತು," ಎಂದಳು ಕುಯಿಯೆಂಗ್. "ಹಬ್ಬ ಕಳೆದು ಅಂಗಡಿ ತೆಗೆಯೋ ದಿನ ನಮ್ಮಣ್ಣ ಮೀನಿನ ಕೆರೆಯಿಂದ ಗಾಡಿ ತರ್ತಾನೆ. ಅಷ್ಟರೊಳಗೆ ಇನ್ನೊಂದು ಸಲ ಎಲ್ಲಾದ್ರೂ ಗಲೀಜು ಮಾಡ್ತೋ, ಆ ಗಾಡೀಲೇ ಕಳಿಸಿಬಿಡ್ತೀನಿ. ಆಮೇಲೆ ನನ್ನ ಕೇಳ್ಬೇಡಿ."

ಆ ಮೀನಿನ ಕೆರೆಯನ್ನು ತ್ಯಾಮ್‌ಹೋಕ್ ನೋಡಿದ್ದ. ಸುತ್ತ ಗಾಳಿ, ಕಾವಲಿಗೆ ನಾಯಿಗಳ ಹಿಂಡು. ಹಿಂಗಾಲು ಎಳೆದುಕೊಂಡು ನಡೆಯುವ ಬೆಕ್ಕು ಅಲ್ಲಿ ಬದುಕುವ ಮಾತೇ ಇಲ್ಲ.

ಹೋಕ್ ಎಂದರೆ ಭಾಗ್ಯ. ಆ ಭಾಗ್ಯಕ್ಕೆ ಇವನ ವಿಳಾಸ ಮಾತ್ರ ಸಿಕ್ಕಿರಲಿಲ್ಲ. ಮೀಸೆ ಮೂಡುವ ಮುಂಚೆ ಈ ಅಂಗಡಿಗೆ ಬಂದವನು ಇಲ್ಲೇ ಕೂದಲು ಹಣ್ಣಾಗಿಸಿಕೊಂಡ. ಒಮ್ಮೆ ಮದುವೆಯ ಮಾತು ಬಂದಿತ್ತು. ಹುಡುಗಿಯ ಮನೆಯವರು ಟೀ ಕೊಟ್ಟರು, ನಗುನಗುತ್ತ ಕಳಿಸಿದರು. ಆಮೇಲೆ ಹುಡುಗನ ಮೈ ಒಣಮೀನು ನಾರುತ್ತದಂತೆ ಎಂದು ಮಧ್ಯಸ್ಥಗಾರ್ತಿ ಸುದ್ದಿ ತಂದಳು. ಅಂದಿನಿಂದ ಅವನು ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದ. ಮೂಸಿ ನೋಡಲು ಮತ್ತೆ ಯಾರೂ ಬರಲಿಲ್ಲ, ಅಷ್ಟೆ. ಅಂಗಡಿ, ಅದರ ಹಿಂದೆ ಅಂಗಳ, ಅಂಗಳದಾಚೆ ಅಡುಗೆಮನೆ, ಅದಕ್ಕೂ ಹಿಂದೆ ಅವನ ಕೋಣೆ. ಹಗಲೆಲ್ಲ ಅವನನ್ನು ಕರೆಯುವವರಿಗೆ ಬರವಿರಲಿಲ್ಲ. ಅದು ತೂಗಿ, ಇದು ಕಟ್ಟಿ, ಆ ಮೂಟೆ ಇಳಿಸಿ. ಆದರೆ ಅವರಿಗೆಲ್ಲ ಬೇಕಾಗಿದ್ದುದು ಮೀನು.

ಮರುದಿನದಿಂದ ಅವನು ಬೆಕ್ಕಿನ ಬೆನ್ನು ಹತ್ತಿದ. ಅಂಗಳದ ಮೂಲೆಯಲ್ಲಿ ಮರಳು ತುಂಬಿದ ನೀಲಿ ಪ್ಲಾಸ್ಟಿಕ್ ಟಬ್ಬು ಇತ್ತು. ಕ್ಯಾಮ್ ಅಲ್ಲಿಗೇ ಹೋಗುತ್ತಿತ್ತು. ಅಂಚಿನ ಮೇಲೆ ಮುಂಗಾಲು ಇಟ್ಟು ಮೈ ಎತ್ತುವಾಗ ಹಿಂಗಾಲು ನುಣ್ಣನೆಯ ಟೈಲ್ಸಿನ ಮೇಲೆ ಜಾರುತ್ತಿತ್ತು. ಕೆಳಗಿಳಿದು, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಕೊನೆಗೆ ಅಂಗಡಿಯ ನೆಲದ ಮೇಲೆ ಸಿಗಡಿಯ ಅಗಲ ತಟ್ಟೆಗಳಿದ್ದ ಕಡೆ ನಡೆಯುತ್ತಿತ್ತು. ಬೆಕ್ಕಿಗೆ ಬುದ್ಧಿ ಕೆಟ್ಟಿರಲಿಲ್ಲ, ಕಾಲು ಕೆಟ್ಟಿತ್ತು.

ಟಬ್ಬಿನ ಒಂದು ಮಗ್ಗುಲನ್ನು ಗರಗಸದಿಂದ ಕೊಯ್ದ. ಕೊಯ್ದ ಅಂಚು ಸೀಳಿ ಚೂರಿಯಂತೆ ಹರಿತವಾಯಿತು. ತಲೆಯ ಮೇಲೆ ಕೈಹೊತ್ತು ಕೂತವನಿಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಬಿದಿರಿನ ಮೊರ ಕಂಡಿತು. ಮೂರು ಕಡೆ ಅಂಚು, ಒಂದು ಕಡೆ ನೆಲಕ್ಕೆ ಸಮ. ಬೆಕ್ಕು ಹತ್ತಬೇಕಾಗಿಯೇ ಇಲ್ಲ, ನಡೆದುಕೊಂಡು ಒಳಗೆ ಹೋದರಾಯಿತು!

"ಕಾಳು ಕೇರೋ ಮೊರ! ಬೆಕ್ಕಿನ ಕಕ್ಕಸಿಗಾ?" ಕುಯಿಯೆಂಗ್ ಸೌಟು ಹಿಡಿದೇ ಅಂಗಳಕ್ಕೆ ಬಂದಳು. "ನಮ್ಮತ್ತೆ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾರೆ."

"ಬರ್ಲಿ ಬಿಡಿ. ಬೆಕ್ಕನ್ನ ಹಿಡ್ಕೊಳ್ಳೋಕೆ ಒಬ್ರು ಬೇಕಾಗಿತ್ತು."

ಅವಳಿಗೂ ನಗು ತಡೆಯಲಾಗಲಿಲ್ಲ. "ಅದೊಂದನ್ನ ತಗೊಳ್ಳಿ, ಹರಿದಿರೋದು. ಇನ್ನೊಂದನ್ನ ಮುಟ್ಟಿದ್ರೆ ನೋಡಿ ಮತ್ತೆ!"

ಮೊರದೊಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ. ಸಮುದ್ರದ ಮರಳನ್ನು ತೊಳೆದು, ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಸೋಸಿ, ಮುದಿ ಪಾದ ಹೂತುಹೋಗದಂತೆ ತೆಳ್ಳಗೆ ಹರಡಿದ. ಬೆಕ್ಕು ಮಲಗುವ ಜಾಗದಿಂದ ಮೊರದವರೆಗೆ ಕಾಲು ಜಾರದಂತೆ ಗೋಣಿತಾಟು ಹಾಸಿದ. ಮೊದಮೊದಲು ಕ್ಯಾಮ್ ಒಳಗೆ ಹೋಗಿ ಕೂರಲು ನೋಡಿದರೆ ಸೊಂಟ ಕುಸಿಯುತ್ತಿತ್ತು. ತ್ಯಾಮ್‌ಹೋಕ್ ನೋಯುವ ಮಂಡಿಯನ್ನು ಊರಿ ಕೂತು, ಅದರ ಹೊಟ್ಟೆಯಡಿಗೆ ಅಂಗೈ ಕೊಟ್ಟು ಎತ್ತಿ ಹಿಡಿಯುತ್ತಿದ್ದ. ನೋಡುತ್ತಿದ್ದರೆ ಅದು ಮಾಡುತ್ತಿರಲಿಲ್ಲ. ಆಗ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿ, "ನಾನು ನೋಡ್ತಿಲ್ಲಮ್ಮ, ನೀನು ನಿನ್ನ ಕೆಲಸ ನೋಡ್ಕೋ," ಎನ್ನುತ್ತಿದ್ದ.

ಬೆಕ್ಕು ಇದನ್ನು ಬಲುಬೇಗ ಕಲಿತಿತು. ಬೆಳಕು ಹರಿಯುತ್ತಲೇ ಅವನ ಕೋಣೆಯ ಬಾಗಿಲಿಗೆ ಬಂದು ಒಡಕು ದನಿಯಲ್ಲಿ ಕೂಗುತ್ತಿತ್ತು. "ಬಂದೆ, ಬಂದೆ, ತಡಿಯೇ," ಎನ್ನುತ್ತ ಅವನು ಚಪ್ಪಲಿಯನ್ನೂ ಮೆಟ್ಟದೆ ಓಡುತ್ತಿದ್ದ. ಅವನಿಗೆ ಸುಖವಾಗಿತ್ತು, ಯಾರಿಗಾದರೂ ಹೇಳಲು ನಾಚಿಕೆಯಾಗುವಂಥ ಸುಖ. ಅಷ್ಟು ವರ್ಷಗಳಲ್ಲಿ ಒಂದು ಜೀವ ಮೀನಿಗಲ್ಲದೆ ಅವನಿಗಾಗಿಯೇ ಕರೆದದ್ದು ಅದೇ ಮೊದಲು.

ಹೊಸ ವರ್ಷದ ಎರಡನೆಯ ದಿನ ಹೆಣ್ಣುಮಕ್ಕಳು ತವರಿಗೆ ಹೋಗುವ ದಿನ. ಕುಯಿಯೆಂಗ್ ಗಂಡ ಮಕ್ಕಳೊಂದಿಗೆ ಹೊರಟಳು. "ಫ್ರಿಜ್ಜಲ್ಲಿ ಮಾಂಸ ಇದೆ, ಮೂಲಂಗಿ ಕಡುಬು ಇದೆ. ಬಿಸಿ ಮಾಡ್ಕೊಂಡು ತಿನ್ನಿ ದೊಡ್ಡಪ್ಪ, ತಂಗಳು ತಿನ್ಬೇಡಿ. ಅಂಗಡಿ ತೆಗೆಯೋ ಹೊತ್ತಿಗೆ ಬರ್ತೀವಿ," ಎಂದು ಬಾಗಿಲೆಳೆದುಕೊಂಡಳು. ಬೀದಿಯ ತುಂಬ ಪಟಾಕಿಯ ಕೆಂಪು ಕಾಗದ, ಅಂಗಡಿಗಳೆಲ್ಲ ಮುಚ್ಚಿದ್ದವು.

ಮರುದಿನ ಬೆಳಗ್ಗೆ ಕೂಗು ಕೇಳಲಿಲ್ಲ. ಗಾಬರಿಯಿಂದ ಎದ್ದು ಹೋಗಿ ನೋಡಿದರೆ ಕ್ಯಾಮ್ ತಾನೇ ಮೊರದೊಳಗೆ ನಿಂತಿತ್ತು. ಹಿಂಗಾಲು ನಡುಗುತ್ತಿತ್ತು, ಆದರೂ ಮುಗಿಸಿತು, ಮರಳು ಎಳೆದು ಮುಚ್ಚಿತು, ಅವನ ಪಕ್ಕದಲ್ಲೇ ಹಾದು ಹೋಗಿ ಮಲಗಿತು.

"ಭಲೇ ಮುದುಕಿ!" ಎಂದ ತ್ಯಾಮ್‌ಹೋಕ್. ನಿಜವಾಗಿಯೂ ಖುಷಿಯಾಗಿತ್ತು. ಕಡುಬು ಬಿಸಿ ಮಾಡಿದ, ತಿಂದ, ಟಿವಿ ಹಾಕಿದ, ಆರಿಸಿದ. ಇಡೀ ದಿನ ಆ ಉದ್ದನೆಯ ಮನೆಯಲ್ಲಿ ಅವನನ್ನು ಯಾರೂ ಕರೆಯಲಿಲ್ಲ. ಸಂಜೆಯಾಗುವಷ್ಟರಲ್ಲಿ ಖುಷಿ ಎಲ್ಲಿಗೆ ಹೋಯಿತೋ.

ಕತ್ತಲಾಗುವ ಮುಂಚೆ ಅವನು ಮೊರವನ್ನೆತ್ತಿ ಅಡುಗೆಮನೆಯ ಮೆಟ್ಟಿಲ ಮೇಲಿಟ್ಟ. ಗೇಣೆತ್ತರದ ಮೆಟ್ಟಿಲು. ಅಲ್ಲಿ ಬಿಸಿಲು ಬೀಳುತ್ತದೆ, ಮರಳು ಒಣಗುತ್ತದೆ ಎಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎನ್ನುವವರೇ ಮನೆಯಲ್ಲಿರಲಿಲ್ಲ, ಆದರೂ ಅವನು ಬಹಳ ಹೊತ್ತು ಹೆಗಲು ಮುಟ್ಟಿಕೊಂಡ.

ಬೆಳಗಾದಾಗ ಬೆಕ್ಕು ಬಾಗಿಲಿಗೆ ಬಂದು ಕೂಗಿತು. "ಬಂದೆ, ಬಂದೆ!" ಎಂದು ಓಡಿದ. ಎತ್ತಿ ಹಿಡಿದ, ಮುಖ ತಿರುಗಿಸಿದ. ಅಂದು ಮಾಂಸವೂ ರುಚಿಸಿತು.

ಅದರ ಮರುದಿನ ಬೇಗನೆ ಎಚ್ಚರವಾಗಿ, ಕೂಗಿಗಾಗಿ ಕಾದು ಮಲಗಿದ್ದ. ಕೂಗು ಬರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಇನ್ನೂ ಮಲಗಿದ. ಆಮೇಲೆ ಪರಚುವ ಸದ್ದು ಕೇಳಿತು. ಮರಳನ್ನು ಪರಚುವ ಸದ್ದಲ್ಲ ಅದು.

ಕ್ಯಾಮ್ ಮೆಟ್ಟಿಲ ಬುಡದಲ್ಲಿತ್ತು. ಹತ್ತಲು ನೋಡಿ ಬಿದ್ದಿರಬೇಕು. ಹಿಂಗಾಲುಗಳು ಒದ್ದೆಯಾಗಿದ್ದವು, ಕೆಳಗೆ ಉಚ್ಚೆ ಹರಿದಿತ್ತು. ಅದನ್ನು ಮುಚ್ಚಲು ಬೆಕ್ಕು ಬರಿಯ ಟೈಲ್ಸನ್ನು ಕೆರೆಯುತ್ತಿತ್ತು. ಮುಂಗಾಲು ಚಾಚಿ, ಇಲ್ಲದ ಮರಳನ್ನು ಎಳೆದೆಳೆದು ಹಾಕುತ್ತಿತ್ತು. ಅವನನ್ನು ಕಂಡು ಕಿವಿ ಮಡಚಿತು, ಆದರೆ ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಕರೆಯೋಕೇನಾಗಿತ್ತೇ ನಿಂಗೆ?" ಎಂದು ಗದರಿದವನು ಅಲ್ಲೇ ಕುಸಿದು ಕೂತ. ಈ ವಯಸ್ಸಿನಲ್ಲಿ ಅದಕ್ಕೆ ಉಳಿದಿದ್ದುದು ಅದೊಂದು ಮಾನ. ತನಗೊಂದು ಕೂಗು ಬೇಕೆಂದು ಅದನ್ನೂ ಕಿತ್ತುಕೊಂಡೆನಲ್ಲ ಎನ್ನಿಸಿ ಅವನಿಗೆ ಅಳು ಬಂತು. ಕುಯಿಯೆಂಗ್ ಈಗ ಮನೆಯಲ್ಲಿದ್ದಿದ್ದರೆ ಬೆಕ್ಕು ಗಾಡಿ ಹತ್ತಿದಂತೆಯೇ. ಹತ್ತಿಸಿದವನು ತಾನೇ ಆಗುತ್ತಿದ್ದ. ಬೆಚ್ಚನೆಯ ನೀರಿನಲ್ಲಿ ಬೆಕ್ಕಿನ ಕಾಲು ತೊಳೆದು ಒರೆಸಿದ. ನೆಲವನ್ನು ವಿನೆಗರ್ ಹಾಕಿ ಉಜ್ಜಿದ. ಮೊರವನ್ನು ಕೆಳಗಿಳಿಸಿ, ಮೊದಲಿಗಿಂತಲೂ ಹತ್ತಿರಕ್ಕೆ, ಬೆಕ್ಕಿನ ಹಾಸಿಗೆಯ ಬದಿಗೇ ಸರಿಸಿಟ್ಟ.

ಅಂಗಡಿ ತೆಗೆಯುವ ದಿನ ಕುಯಿಯೆಂಗಳ ಅಣ್ಣ ಗಾಡಿ ತಂದು ನಿಲ್ಲಿಸಿದ. ಅವಳು ಮೂಗನ್ನು ಮುಂದೆ ಮಾಡಿಕೊಂಡು ಅಂಗಡಿ, ಅಂಗಳ, ಅಡುಗೆಮನೆಯ ಮೂಲೆಮೂಲೆಯನ್ನೂ ಮೂಸಿ ಬಂದಳು.

"ಎಲ್ಲೂ ನಾರ್ತಿಲ್ಲ. ಇರ್ಲಿ ಬಿಡು," ಎಂದು ಅಣ್ಣನಿಗೆ ಟೀ ಕೊಟ್ಟು, ಬೆಕ್ಕಿಗೆಂದು ತಂದಿದ್ದ ಖಾಲಿ ಬುಟ್ಟಿಯೊಂದಿಗೆ ಕಳಿಸಿದಳು. ಆಮೇಲೆ ತ್ಯಾಮ್‌ಹೋಕನ ಕಡೆ ತಿರುಗಿ, "ಬೆಳ್ಬೆಳಗ್ಗೆ ನಿಮ್ಮನ್ನ ಇನ್ನೂ ಕೂಗಿ ಎಬ್ಬಿಸುತ್ತಾ ಅದು?" ಎಂದು ಕೇಳಿದಳು.

"ಇಲ್ಲ ಅಮ್ಮಾವ್ರೇ. ಅದಕ್ಕೀಗ ಯಾರೂ ಬೇಡ."

"ಒಳ್ಳೇದಾಯ್ತು. ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡಿ."

"ಹೂಂ," ಎಂದು ತ್ಯಾಮ್‌ಹೋಕ್ ಸಿಗಡಿಯ ತಟ್ಟೆಗಳನ್ನು ಒಂದೊಂದಾಗಿ ಹೊರಗಿಡತೊಡಗಿದ.