ಲಾರಿ ನಿಂತಿರಲಿಲ್ಲ

ಆ ಲಾರಿಯನ್ನು ನಾನು ಮನಸ್ಸಿನಲ್ಲಿ ಇನ್ನೂ ಆಲದ ಮರದ ಹತ್ತಿರಕ್ಕೆ ವಾಪಸು ಕಳಿಸುತ್ತಲೇ ಇದ್ದೇನೆ. ಹಲ್ಲುಜ್ಜುವಾಗ, ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂತಾಗ, ಪಾಠದ ನಡುವೆ ಬೋರ್ಡಿನ ಕಡೆ ತಿರುಗಿದಾಗ. ಕಳಿಸಿದ ಮರುಕ್ಷಣ ಅದು ಮತ್ತೆ ಹೊರಡುತ್ತದೆ.

ತೊಂಬತ್ತರ ದಶಕದ ಕೊನೆ. ಹಾಸನದಲ್ಲಿ ಬಿ.ಎಸ್ಸಿ. ಓದುತ್ತಾ ಮೂವರು ಒಂದು ಬಾಡಿಗೆ ಕೋಣೆಯಲ್ಲಿದ್ದೆವು: ಹೊಳೆನರಸೀಪುರದ ಅರ್ಚಕರ ಮಗ, ಕೊಣನೂರಿನ ರೈತರ ಮಗ, ನಾನು. ಅರ್ಚಕರ ಮಗನಿಗೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಒಂದು ಇಂಗ್ಲಿಷ್ ಆಟದ ಪುಸ್ತಕ ಸಿಕ್ಕಿತ್ತು. ಒಬ್ಬೊಬ್ಬರೂ ಒಂದೊಂದು ಆಕಾಶನೌಕೆಯ ಕಪ್ತಾನರಾಗಿ, ಕಥೆ ಕಟ್ಟುತ್ತಾ, ಕಾದಾಡುತ್ತಾ ಆಡುವ ಆಟ. ಗ್ರಾಫ್ ಹಾಳೆಯೇ ಆಕಾಶ, ಹುಣಿಸೆ ಬೀಜಗಳೇ ನೌಕೆಗಳು, ದಾಳದ ಬದಲು ಕವಡೆ.

ಒಂದು ನೌಕೆ ಇನ್ನೊಂದನ್ನು ಮುಟ್ಟಲು ಎಷ್ಟು ಹೊತ್ತು ಬೇಕು ಎನ್ನುವ ಲೆಕ್ಕದಲ್ಲೇ ನಮ್ಮ ಭಾನುವಾರಗಳು ಕಳೆದುಹೋಗುತ್ತಿದ್ದವು. ಅರ್ಧ ದಾರಿ ವೇಗ ಏರಿಸಬೇಕು, ಉಳಿದರ್ಧ ಇಳಿಸಬೇಕು. ಅಷ್ಟರಲ್ಲಿ ಎದುರಿನ ನೌಕೆಯೂ ಓಡುತ್ತಿರುತ್ತದೆ. ಅದನ್ನೂ ಸೇರಿಸಿ ವರ್ಗಮೂಲ ತೆಗೆಯಬೇಕು.

"ಇದೇನ್ಲಾ, ಯುದ್ಧವಾ, ಸಪ್ಲಿಮೆಂಟರಿ ಪರೀಕ್ಸೆಯಾ?" ಕೊಣನೂರಿನವನು ಒಂದು ದಿನ ಪೆನ್ಸಿಲ್ ಬಿಸಾಡಿದ. "ನಾನು ಗುಂಡು ಆರಿಸೋ ಒತ್ಗೆ ನನ್ ನೌಕೆ ತುಕ್ಕಿಡೀತದೆ ಕಣ್ಲಾ."

ಅರ್ಚಕರ ಮಗ ಉಪಾಯ ಹುಡುಕಿದ. "ಚೌಕಾಬಾರದ ಹಾಗೆ ಆಡೋಣ ಕಣೋ. ನೀನು ನಡೆಸುವಾಗ ನಾನು ನಿಂತಿರ್ತೀನಿ, ನಾನು ನಡೆಸುವಾಗ ನೀನು ನಿಂತಿರು. ದೂರಾನ ವೇಗದಿಂದ ಭಾಗಿಸು, ಮುಗೀತು."

ಅಲ್ಲಿಂದ ಮುಂದೆ ಟೀ ಆರುವುದರೊಳಗೆ ಯುದ್ಧ ಮುಗಿಯತೊಡಗಿತು. ಅವನಂತೂ ಕಣ್ಣಳತೆಯಲ್ಲೇ ಲೆಕ್ಕ ಹೇಳುವಷ್ಟು ಪಳಗಿದ.

ಒಂದು ಭಾನುವಾರ ಆಟವನ್ನು ಅರ್ಧಕ್ಕೆ ಬಿಟ್ಟು, ಅರ್ಚಕರ ಮಗನ ಅಣ್ಣನ ಬೈಕಿನಲ್ಲಿ ಅವನೂ ನಾನೂ ಹೊಳೆನರಸೀಪುರಕ್ಕೆ ಹೊರಟೆವು, ಅವರ ಮನೆಯ ಊಟಕ್ಕೆ. ಓಡಿಸುತ್ತಿದ್ದವನು ಅವನೇ. ದಾರಿಯಲ್ಲಿ ಮುಂದೊಂದು ಕಬ್ಬಿನ ಟ್ರ್ಯಾಕ್ಟರ್. ಸೋಗೆ ಮುಖಕ್ಕೆ ಬಡಿಯುವಂತಿತ್ತು. ದೂರದ ಆಲದ ಮರದ ಬಳಿ ಎದುರಿಂದ ಲಾರಿ ಕಂಡಿತು.

"ಲಾರಿ ಮರದ ಹತ್ರ ಇದೆ," ಅವನು ತಿರುಗಿ ಕೂಗಿದ. "ಆರಾಮಾಗಿ ದಾಟ್ತೀವಿ!"

ಬಲಕ್ಕೆ ತಿರುಗಿಸಿದ. ಟ್ರ್ಯಾಕ್ಟರಿನ ಅರ್ಧಕ್ಕೆ ಬರುವಷ್ಟರಲ್ಲಿ ಮರವಿನ್ನೂ ಅಲ್ಲೇ ಇತ್ತು, ಲಾರಿ ಮಾತ್ರ ಮುಖದ ಮುಂದಿತ್ತು. ಹಾರನ್ನಿನ ಅಬ್ಬರ. ಬಂಪರಿನ ಮೇಲಿನ ನಿಂಬೆಹಣ್ಣುಗಳು. ಕಬ್ಬು ನನ್ನ ಮೊಣಕಾಲನ್ನು ಗೀರಿತು. ಲಾರಿ ಎಡಕ್ಕೆ ವಾಲಿ ರಸ್ತೆಯಿಂದ ಮಣ್ಣಿಗಿಳಿಯಿತು. ನಾವು ನಡುವಿನ ಸಂದಿಯಲ್ಲಿ ತೂರಿ, ಆಚೆ ಹೋಗಿ ಬಿದ್ದೆವು.

ಲಾರಿ ಡ್ರೈವರ್ ಇಳಿದು ಬಂದ.

"ಏನ್ಲಾ, ನೀವು ದಾಟೋಗಂಟ ನಾನು ಅಲ್ಲೇ ನಿಂತಿರ್ತೀನಿ ಅನ್ಕಂಡ್ರಾ?"

ಅರ್ಚಕರ ಮಗ ಹಾಗೇ ಅಂದುಕೊಂಡಿದ್ದ.

ಸಂಜೆ ಕೋಣೆಗೆ ಬಂದಾಗ ಬೀಜಗಳು ಇಟ್ಟಲ್ಲೇ ಇದ್ದವು. "ಯಾರ ಸರದಿ?" ಎಂದು ಕೇಳಿದ ಕೊಣನೂರಿನವನು. ನಡೆದದ್ದನ್ನು ಹೇಳಿದೆವು. ಅರ್ಚಕರ ಮಗ ನೌಕೆಗಳನ್ನೆಲ್ಲ ಬಾಚಿ ತೆಗೆದು, ಹಾಳೆಯ ಮೇಲೆ ರಸ್ತೆಯೆಂದು ಒಂದು ಗೆರೆ ಎಳೆದು ಮೂರು ಬೀಜ ಇಟ್ಟ: ಟ್ರ್ಯಾಕ್ಟರ್, ಬೈಕು, ಲಾರಿ. ಅವನ ಸರಳ ನಿಯಮದಲ್ಲಿ ಲೆಕ್ಕ ಹಾಕಿದೆವು. ಆರಾಮಾಗಿ ದಾಟಿದೆವು. ಪುಸ್ತಕದ ಹಳೆಯ ಲೆಕ್ಕದಲ್ಲಿ, ಎರಡನ್ನೂ ಓಡಿಸುತ್ತಾ ಹಾಕಿದೆವು. ಡಿಕ್ಕಿ. ವೇಗ ಒಂದಿಷ್ಟು ಬದಲಿಸಿ ಮತ್ತೆ ಹಾಕಿದೆವು. ಡಿಕ್ಕಿ.

"ಮತ್ತೆ ಎಂಗ್ಲಾ ಬದ್ಕಿ ಬಂದ್ರಿ?" ಎಂದ ಕೊಣನೂರಿನವನು, ಮೆಲ್ಲಗೆ.

ಅರ್ಚಕರ ಮಗ ಲಾರಿಯ ಬೀಜವನ್ನು ಉಗುರಿನಿಂದ ಗೆರೆಯಾಚೆ, ಮಣ್ಣಿಗೆ ಸರಿಸಿದ. ಹಾಗೆ ಸರಿಯಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.

ಅವನು ಸರಿಸಿ ಕೈ ತೆಗೆದ. ನಾನು ಈಗಲೂ ಅದನ್ನು ಎತ್ತಿ ಮತ್ತೆ ಗೆರೆಯ ಮೇಲಿಟ್ಟು ನೋಡುತ್ತೇನೆ.