ಹತ್ತೊಂಬತ್ತು ಬಾಗಿಲು ಬಡಿಯುತ್ತಿದ್ದ ಹುಡುಗಿ

ಕೋರಾ ಥಿಬಡೋ ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು. ಉಬ್ಬಿಸಿ ಹೇಳುತ್ತಿಲ್ಲ. ಊಟದ ಕೋಣೆಯ ಹಿಂದೆ, ತಟ್ಟೆ ತೊಳೆಯುವ ಯಂತ್ರದ ಮುಂದೆ, ಕೈಯಲ್ಲಿ ಒದ್ದೆ ಲೋಟ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದನ್ನು ನಾನೇ ನೋಡಿದ್ದೇನೆ. ಯಂತ್ರ ನಿಂತ ಕೂಡಲೇ ಕಣ್ಣು ಬಿಟ್ಟು, ಏನೂ ಆಗದವಳಂತೆ ಲೋಟವನ್ನು ಜಾಗಕ್ಕಿಟ್ಟಳು. ನಾನು ನೋಡಿದ್ದು ಗೊತ್ತಾಗಿ ನಕ್ಕಳು.

"ನಿದ್ದೆ ಮಾಡ್ತಿರ್ಲಿಲ್ಲ ಮಿಸ್. ಕಣ್ಣಿಗೆ ರಜಾ ಕೊಟ್ಟಿದ್ದೆ, ಅಷ್ಟೇ."

ಅಮೆರಿಕದ ಮೇನ್ ರಾಜ್ಯದ ನಮ್ಮ ವಸತಿ ಶಾಲೆಯಲ್ಲಿ ನಾನು ಆಗ ಇಪ್ಪತ್ತೆರಡು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹೆಣ್ಣುಮಕ್ಕಳ ಹಾಸ್ಟೆಲಿನ ಕೆಳಮಹಡಿಯಲ್ಲೇ ನನ್ನ ಮನೆ. ವಾರ್ಡನ್ ಕೆಲಸವೂ ನನ್ನದೇ. ಮದುವೆಯಾಗದ ಹೆಂಗಸಿಗೆ ಬೇರೇನು ಕೆಲಸ ಎಂದು ಯಾರೋ ಮೊದಲ ವರ್ಷ ತೀರ್ಮಾನಿಸಿದ್ದರು. ಆಮೇಲೆ ಯಾರೂ ಆ ತೀರ್ಮಾನವನ್ನು ಬದಲಾಯಿಸುವ ಗೋಜಿಗೆ ಹೋಗಲಿಲ್ಲ. ಮೇಲಿನ ಮಹಡಿಯಲ್ಲಿ ಹತ್ತೊಂಬತ್ತು ಕೋಣೆ, ಮೂವತ್ತೊಂದು ಹುಡುಗಿಯರು. ಅವರನ್ನು ನೋಡಿಕೊಳ್ಳುವ ಪ್ರಿಫೆಕ್ಟ್, ಕೊನೆಯ ವರ್ಷದ ಕೋರಾ.

ರಾಜ್ಯದ ಉತ್ತರದ ತುದಿಯಿಂದ ಬಂದವಳು. ಅಪ್ಪ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಹುಡುಗಿಗೆ ಅಗಲ ಭುಜ, ಒಡೆದ ತುಟಿ, ಬೆಳಗಿನ ಸ್ನಾನದ ನೀರು ಕೂದಲಲ್ಲೇ ಮಂಜುಗಟ್ಟಿದರೂ ಟೋಪಿ ಹಾಕದ ಮೊಂಡುತನ. ಆರು ಗಂಟೆ ಹತ್ತು ನಿಮಿಷಕ್ಕೆ ಎದ್ದು ಹತ್ತೊಂಬತ್ತೂ ಬಾಗಿಲು ಬಡಿಯುವುದು ಅವಳ ಮೊದಲ ಕೆಲಸ. ಏಳೂವರೆಯೊಳಗೆ ಎಲ್ಲರೂ ಊಟದ ಕೋಣೆಗೆ ಬಂದು, ಬಾಗಿಲ ಪಕ್ಕದ ಹಾಳೆಯಲ್ಲಿ ತಂತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ಆಮೇಲೆ ಮಧ್ಯಾಹ್ನದವರೆಗೆ ಪಾಠ. ಆಮೇಲೆ ಆಟ. ಬೇಕಾದರೆ ಆಡುವ ಆಟವಲ್ಲ, ಎಲ್ಲರೂ ಆಡಲೇಬೇಕಾದ್ದು. ಕೋರಾ ಐಸ್ ಹಾಕಿಯಲ್ಲಿ ಗೋಲ್ ಕಾಯುತ್ತಿದ್ದಳು. ಆಮೇಲೆ ಊಟ, ತಟ್ಟೆ ತೊಳೆಯುವ ಪಾಳಿ, ಎರಡು ಗಂಟೆ ಬಾಯಿ ಮುಚ್ಚಿಕೊಂಡು ಓದುವ ಹೊತ್ತು. ಅದು ಮುಗಿದ ಮೇಲೆ ಅಳುವವರು, ಜಗಳವಾಡುವವರು, ಲೆಕ್ಕ ಬಾರದವರು ಒಬ್ಬೊಬ್ಬರೇ ಅವಳ ಕೋಣೆಗೆ. ಶನಿವಾರವೂ ಪಾಠ. ಊರಿನ ಜನ ನಮ್ಮ ಮಕ್ಕಳನ್ನು ಕಂಡು "ಪುಣ್ಯವಂತರು" ಅನ್ನುತ್ತಿದ್ದರು. ಒಂದು ವಾರ ಇದ್ದು ನೋಡಲಿ ಅಂತ ನನಗೆ ಅನಿಸುತ್ತಿತ್ತು.

ಆ ವರ್ಷ ಕೋರಾಳ ಪಾಲಿಗೆ ಒಂದು ಬಾಗಿಲು ಮಾತ್ರ ಹತ್ತೊಂಬತ್ತಕ್ಕೆ ಸಮನಾಗಿತ್ತು. ಅದು ಪ್ರೂಡೆನ್ಸ್ ವೆದರ್ಬಿಯದು.

ಎಲ್ಲರೂ ಪ್ರೂ ಅನ್ನುತ್ತಿದ್ದ ಆ ಹುಡುಗಿಗೆ ಹದಿನಾಲ್ಕು. ಮೊದಲ ವರ್ಷ. ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಸೋಮಾರಿ ಅಂದುಕೊಂಡಿದ್ದೆ, ಬೈದಿದ್ದೆ ಕೂಡ. ಅವಳ ಅಪ್ಪ ಅಮ್ಮ ಬೇಸಿಗೆಯಲ್ಲಿ ಬೇರೆಯಾಗಿದ್ದರು, ಇದ್ದ ಮನೆ ಮಾರಾಟವಾಗಿತ್ತು. ಅಮ್ಮ ಒಬ್ಬ ಗೆಳತಿಯ ಮನೆಯ ಸೋಫಾ ಮೇಲೆ, ಅಪ್ಪ ಇನ್ನೊಂದು ಊರಿನಲ್ಲಿ ಹೊಸ ಸಂಸಾರದೊಂದಿಗೆ. ತನ್ನದು ಅನ್ನುವ ಹಾಸಿಗೆ ಆ ಹುಡುಗಿಗೆ ಇದ್ದದ್ದು ನಮ್ಮ ಹಾಸ್ಟೆಲಿನಲ್ಲಿ ಮಾತ್ರ. ಇದನ್ನು ನಾನು ತಿಳಿದದ್ದು ತಡವಾಗಿ. ಅಷ್ಟರಲ್ಲಿ ಅವಳು ಬೆಳಗಿನ ಸಹಿಯನ್ನೂ ಮೊದಲ ತರಗತಿಯನ್ನೂ ಎಷ್ಟೋ ಸಲ ತಪ್ಪಿಸಿ ಶಿಸ್ತು ಸಮಿತಿಯ ಮುಂದೆ ನಿಂತಾಗಿತ್ತು. ಸಮಿತಿ ಕೊನೆಯ ಎಚ್ಚರಿಕೆ ಕೊಟ್ಟಿತ್ತು. ಇನ್ನೊಂದು ತಪ್ಪು, ಎಂಥದ್ದೇ ಆಗಿರಲಿ, ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಯಾವ ಮನೆಗೆ ಎಂದು ಯಾರೂ ಕೇಳಿರಲಿಲ್ಲ.

ಜನವರಿಯಿಂದ ಕೋರಾ ಆ ಬಾಗಿಲಿಗೆ ಎರಡು ಸಲ ಹೋಗುತ್ತಿದ್ದಳು. ಕೆಳಗೆ ಕಾಫಿ ಕಾಸಿಕೊಳ್ಳುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಏಳೇ ಪ್ರೂ. ಕಾಲು ಕೆಳಗಿಡು. ಒಂದು ಸಾಕು, ಇನ್ನೊಂದು ತಾನಾಗೇ ಬರುತ್ತೆ."

"ಇವತ್ತು ಆಗಲ್ಲ ಕೋರಾ."

"ನಿನ್ನೇನೂ ಇದೇ ಹಾಡು. ನೋಡು ಮಾರಾಯ್ತಿ, ನೀನು ಏಳದಿದ್ರೆ ನಾನೂ ಇಲ್ಲೇ ಮಲಗ್ತೀನಿ. ನನ್ನ ಗೊರಕೆ ಕೇಳಿದೀಯಾ? ಕೋಣೆ ಕಾಯಿಸೋ ರೇಡಿಯೇಟರ್ ಗಡಗಡ ಅನ್ನುತ್ತಲ್ಲ, ಅದು ರೇಡಿಯೇಟರ್ ಅಲ್ಲ, ನಾನು."

ಆಮೇಲೆ ಸಣ್ಣ ನಗು, ಮಂಚ ಕಿರುಗುಟ್ಟುವ ಸದ್ದು. ಏಳು ಇಪ್ಪತ್ತೈದಕ್ಕೆ ಇಬ್ಬರೂ ಹಿಮದಲ್ಲಿ ಜಾರುತ್ತಾ ಓಡುವುದು ಕಿಟಕಿಯಿಂದ ಕಾಣುತ್ತಿತ್ತು. ಏಳು ವಾರ ಹೀಗೇ ನಡೆಯಿತು. ಈ ಮಧ್ಯೆ ಪ್ರೂ ಒಂದೇ ಒಂದು ಸಹಿ ತಪ್ಪಿಸಲಿಲ್ಲ. ಕೋರಾಳ ಕಣ್ಣಿನ ಕೆಳಗೆ ಮಾತ್ರ ಕಪ್ಪು ದಟ್ಟವಾಗುತ್ತಾ ಹೋಯಿತು. ನಾನು ಅದನ್ನು ನೋಡಿದೆ. ಕೊನೆಯ ವರ್ಷದವರೆಲ್ಲ ಹೀಗೇ ಅಂದುಕೊಂಡು ಸುಮ್ಮನಾದೆ.

ಫೆಬ್ರವರಿ ಕೊನೆಯ ವಾರ. ಶಾಲೆಯಲ್ಲಿ ಜ್ವರ ಹಬ್ಬಿತ್ತು. ಮೂವರು ಮೇಷ್ಟ್ರುಗಳು ಹಾಸಿಗೆ ಹಿಡಿದಿದ್ದರಿಂದ ಬೆಳಗಿನ ಹಾಳೆ ಕಾಯುವ ಪಾಳಿ ಹದಿನಾರು ದಿನ ಸತತವಾಗಿ ನನ್ನ ತಲೆಗೇ ಬಿದ್ದಿತ್ತು. ಹಿಂದಿನ ದಿನ ಹಾಕಿ ತಂಡ ದೂರದ ಶಾಲೆಗೆ ಹೋಗಿ, ಸೋತು, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿತ್ತು. ಬಂದವಳೇ ಕೋರಾ ತಟ್ಟೆ ತೊಳೆದು, ಇತಿಹಾಸದ ಪ್ರಬಂಧ ಬರೆಯಲು ಕೂತಿದ್ದಳು.

ಆ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಬಾಗಿಲು ಬಡಿದ ಸದ್ದೇ ಇಲ್ಲ. ನನ್ನ ಗಮನಕ್ಕೆ ಬಂದಿತ್ತು. ಹೋಗಿ ನೋಡಲಿಲ್ಲ. ಮೊಣಕಾಲು ನೋಯುತ್ತಿತ್ತು, ಮೆಟ್ಟಿಲು ಇಪ್ಪತ್ತೊಂದು.

ಏಳು ಮೂವತ್ತೈದಕ್ಕೆ ಹಾಳೆ ತೆಗೆದುಕೊಂಡೆ. ನಮ್ಮ ಹಾಸ್ಟೆಲಿನ ಅರ್ಧ ಹೆಸರುಗಳ ಮುಂದೆ ಖಾಲಿ. ಕೋರಾಳ ಹೆಸರಿನ ಮುಂದೆ ಮಾತ್ರ ದುಂಡಗೆ, ಒತ್ತಿ ಒತ್ತಿ ಬರೆದ ಸಹಿ. ಕೋರಾಳ ಸಹಿ ನನಗೆ ಗೊತ್ತು. ನಾಲ್ಕು ವರ್ಷದ ಪ್ರಯೋಗದ ಪುಸ್ತಕ ತಿದ್ದಿದ್ದೇನೆ. ಅದು ಅಕ್ಷರವೇ ಅಲ್ಲ, ಹರಿದಾಡುವ ಒಂದು ಎರೆಹುಳು. ಇಷ್ಟು ಚೆಂದದ ಸಹಿ ಅವಳ ಕೈಯಿಂದ ಬರಲು ಸಾಧ್ಯವೇ ಇರಲಿಲ್ಲ.

ತಲೆಯೆತ್ತಿ ನೋಡಿದೆ. ಮೂಲೆಯ ಮೇಜಿನಲ್ಲಿ ಪ್ರೂ ಒಬ್ಬಳೇ ಓಟ್ಸ್ ಗಂಜಿ ತಿನ್ನುತ್ತಿದ್ದಳು. ಕೂದಲು ಬಾಚಿದ್ದಳು, ಬೂಟಿನ ದಾರ ಕಟ್ಟಿದ್ದಳು. ಯಾರೂ ಎಬ್ಬಿಸದೆ, ತಾನಾಗಿ ಎದ್ದು ಬಂದ ಮೊದಲ ದಿನ ಅದು.

ಇಲ್ಲಿ ನಾನೊಂದು ಮಾತು ನೇರವಾಗಿ ಹೇಳಬೇಕು. ನಮ್ಮ ಶಾಲೆಗೆ ಸೇರುವ ದಿನ ಪ್ರತಿಯೊಬ್ಬರೂ ದಪ್ಪ ಪುಸ್ತಕವೊಂದರಲ್ಲಿ ಹೆಸರು ಬರೆದು, ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ, ಇನ್ನೊಬ್ಬರ ಹೆಸರಿನಲ್ಲಿ ಏನನ್ನೂ ಮಾಡುವುದಿಲ್ಲ ಎಂದು ಮಾತು ಕೊಡುತ್ತಾರೆ. ಕಂಡ ತಪ್ಪನ್ನು ತಿಳಿಸುತ್ತೇವೆಂದು ಮೇಷ್ಟ್ರುಗಳಾದ ನಾವೂ ಬರೆದಿದ್ದೇವೆ. ಆದರೆ ಅವತ್ತು ನಾನು ಮಾಡಿದ್ದು ಆ ಮಾತಿಗೆ ಕಟ್ಟುಬಿದ್ದು ಅಲ್ಲ. ತರಗತಿಗೆ ಹೊತ್ತಾಗಿತ್ತು, ತಲೆ ಸಿಡಿಯುತ್ತಿತ್ತು, ಆ ಹಾಳೆ ನನ್ನ ಕೈಯಿಂದ ತೊಲಗಿದರೆ ಸಾಕಾಗಿತ್ತು. "ಈ ಸಹಿ ಕೋರಾಳದಲ್ಲ" ಎಂದು ಅಂಚಿನಲ್ಲಿ ಗೀಚಿ ಶಾಲೆಯ ಶಿಸ್ತು ನೋಡಿಕೊಳ್ಳುವ ಡೀನ್ ಆಲ್ಡ್ರಿಚ್ ಅವರ ಪತ್ರದ ಪೆಟ್ಟಿಗೆಗೆ ಹಾಕಿ ಹೋದೆ. ಅವರು ಕೋರಾಳನ್ನು ಕರೆಯುತ್ತಾರೆ, ಅವಳು ನಕ್ಕು ಏನೋ ಹೇಳುತ್ತಾಳೆ, ಮುಗಿಯಿತು ಎಂದುಕೊಂಡಿದ್ದೆ.

ಪ್ರಿಫೆಕ್ಟ್ ಒಬ್ಬಳು ಒಂದು ದಿನ ಬೆಳಗಿನ ಸಹಿ ತಪ್ಪಿಸಿದರೆ ಶಿಕ್ಷೆ ಏನು ಗೊತ್ತೇ? ಶನಿವಾರ ಮಧ್ಯಾಹ್ನ ಒಂದು ಗಂಟೆ ಪಾತ್ರೆ ಉಜ್ಜುವುದು. ಅಷ್ಟೇ. ಪ್ರೂಗೆ ಅದು ಗೊತ್ತಿರಲಿಲ್ಲ. ತನಗೆ ಹೇಗೋ ಕೋರಾಳಿಗೂ ಹಾಗೇ ಎಂದು ಹೆದರಿ ಆ ಸಹಿ ಹಾಕಿದ್ದಳು, ಪಾಪ.

ಗುರುವಾರ ಸಮಿತಿ ಕೂತಿತು. ಡೀನ್, ಇಬ್ಬರು ಮೇಷ್ಟ್ರುಗಳು, ಇಬ್ಬರು ವಿದ್ಯಾರ್ಥಿಗಳು, ದೂರು ಕೊಟ್ಟವಳಾಗಿ ನಾನು. ಕೋರಾ ಬಂದು ಎದುರಿಗೆ ಕೂತಳು. ಹಿಂದಿನ ಸಂಜೆ ಪ್ರೂ ಅವಳ ಕೋಣೆಗೆ ಹೋಗಿ ಅತ್ತು ಎಲ್ಲ ಹೇಳಿದ್ದಾಳೆಂದು ನನಗೆ ಆಗ ತಿಳಿದಿರಲಿಲ್ಲ. "ನೀನು ಬಾಯಿ ಮುಚ್ಕೊಂಡಿರು, ನಾನು ನೋಡ್ಕೋತೀನಿ" ಎಂದು ಕೋರಾ ಅವಳನ್ನು ಕಳಿಸಿದ್ದಳಂತೆ.

ಡೀನ್ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. "ಇದು ನಿನ್ನ ಸಹಿನಾ ಕೋರಾ?"

"ಹೌದು ಸರ್."

"ನಿನ್ನ ಬೇರೆ ಸಹಿಗಳ ಥರ ಕಾಣ್ತಿಲ್ವಲ್ಲ."

"ಒಂದು ದಿನವಾದ್ರೂ ಚೆನ್ನಾಗಿ ಬರೆಯೋಣ ಅನ್ನಿಸ್ತು ಸರ್."

ಒಬ್ಬ ಮೇಷ್ಟ್ರು ನಕ್ಕರು. ಡೀನ್ ನಗಲಿಲ್ಲ. ಕೆಟ್ಟ ಮನುಷ್ಯನಲ್ಲ ಅವರು. ಗೆರೆ ಎಳೆದರೆ ಅದರ ಮೇಲೇ ನಡೆಯುವ ಜಾತಿ. "ಮತ್ತೊಂದು ಸಲ ಯೋಚ್ನೆ ಮಾಡಿ ಹೇಳು" ಎಂದರು. "ಹಾಳೆ ಮೇಲಿನ ತಪ್ಪು ಬೇರೆ. ಈ ಕೋಣೇಲಿ ಕೂತು ಹೇಳೋ ಸುಳ್ಳು ಬೇರೆ."

"ನನ್ನದೇ ಸರ್."

ಡೀನ್ ನನ್ನ ಕಡೆ ತಿರುಗಿದರು. "ಮಿಸ್ ಹ್ಯಾಸ್ಕೆಲ್, ನೀವೇನಂತೀರಿ?"

ಕೋರಾ ನನ್ನನ್ನೇ ನೋಡಿದಳು. ಬೇಡುವ ನೋಟವೂ ಅಲ್ಲ, ಬೆದರಿಸುವ ನೋಟವೂ ಅಲ್ಲ.

"ನಿದ್ದೆಗಣ್ಣಲ್ಲಿ ಬರೆದಿದ್ರೆ... ಹಾಗೂ ಇರಬಹುದು" ಎಂದೆ.

"ಅವಳದಲ್ಲ ಅಂತ ಅಂಚಲ್ಲಿ ಬರೆದೋರು ನೀವೇ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆಯಿತು. ಪ್ರೂ. ಕೋಟೂ ಇಲ್ಲದೆ ಹಿಮದಲ್ಲಿ ಓಡಿ ಬಂದಿದ್ದಳು, ಹಲ್ಲು ಕಟಕಟ ಅನ್ನುತ್ತಿತ್ತು.

"ನಾನು ಬರೆದಿದ್ದು. ಅವಳು ಮಲಗಿದ್ಲು, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಅವಳಿಗೆ ಗೊತ್ತೇ ಇರ್ಲಿಲ್ಲ. ನನ್ನನ್ನ ಕಳಿಸ್ಬಿಡಿ."

"ಅಯ್ಯೋ, ಪ್ರೂ" ಎಂದಳು ಕೋರಾ. ಅಷ್ಟೇ ಅಂದಳು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ನಮ್ಮನ್ನು ಹೊರಗೆ ಕಳಿಸಿ ಸಮಿತಿ ಒಂದು ಗಂಟೆ ಮಾತಾಡಿತು. ಪ್ರೂ ತಾನಾಗಿ ಬಂದು ಒಪ್ಪಿಕೊಂಡಿದ್ದರಿಂದ ಅವಳನ್ನು ಕಳಿಸುವುದು ಬೇಡ ಎಂದಿತು. ಕೇಳಿದ ತಕ್ಷಣ ನನಗೆ ಎಷ್ಟು ಹಗುರವಾಯಿತೆಂದರೆ ಮುಂದಿನ ಮಾತು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಕೋರಾ ಸಮಿತಿಯ ಮುಂದೆ ಎರಡು ಸಲ ಸುಳ್ಳು ಹೇಳಿದ್ದಳು, ಅದೂ ಪ್ರಿಫೆಕ್ಟ್ ಆಗಿ. ಆ ಸ್ಥಾನ ಹೋಯಿತು. ಹತ್ತು ದಿನ ಶಾಲೆಯಿಂದ ಹೊರಗೆ. ಅವಳು ಅರ್ಜಿ ಹಾಕಿದ್ದ ನಾಲ್ಕು ಕಾಲೇಜುಗಳಿಗೂ ಈ ವಿಷಯ ತಿಳಿಸುವ ಪತ್ರ.

ಹತ್ತು ದಿನ ಕಳೆದು ಅವಳು ಮರಳಿ ಬಂದಳು, ಓದು ಮುಗಿಸಿದಳು. ನಾಲ್ಕರಲ್ಲಿ ಮೂರು ಕಾಲೇಜು ಬೇಡವೆಂದವು. ಉಳಿದೊಂದಕ್ಕೆ ಸೇರಿ ನರ್ಸ್ ಆದಳೆಂದು ಕೇಳಿದೆ. ಪ್ರೂ ನಮ್ಮಲ್ಲೇ ನಾಲ್ಕು ವರ್ಷ ಕಳೆದಳು, ಆಮೇಲೆ ಒಂದೇ ಒಂದು ಬೆಳಗಿನ ಸಹಿ ತಪ್ಪಿಸಲಿಲ್ಲ. ಇವೆಲ್ಲ ಸರಿ. ನನ್ನನ್ನು ಇವತ್ತಿಗೂ ಬಿಡದಿರುವುದು ಕೋರಾ ಹೊರಟ ಶುಕ್ರವಾರ.

ಹಾಸ್ಟೆಲಿನ ಮುಂದಿನ ಬೆಂಚಿನಲ್ಲಿ ಚೀಲ ಇಟ್ಟುಕೊಂಡು ಅಪ್ಪನಿಗೆ ಕಾಯುತ್ತಿದ್ದಳು. ಐದು ಗಂಟೆಯ ದಾರಿ, ರಸ್ತೆ ತುಂಬ ಹಿಮ. ನಾನು ಕಾಫಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ.

"ಸುಳ್ಳು ಯಾಕೆ ಹೇಳ್ದೆ ಕೋರಾ? ನಿಜ ಹೇಳಿದ್ರೆ ನಿಂಗೆ ಒಂದು ಗಂಟೆ ಪಾತ್ರೆ ಉಜ್ಜೋ ಶಿಕ್ಷೆ."

"ನಂಗೆ ಅಷ್ಟೇ. ಅವಳಿಗೆ?"

ನಾನು ಬೆಂಚಿನ ಅಂಚಿನ ಹಿಮವನ್ನು ಕೈಯಿಂದ ಒರೆಸಿದೆ.

"ಆ ಹಾಳೆ ನಿಮ್ಮ ಕೈಯಲ್ಲಿತ್ತು ಮಿಸ್" ಎಂದಳು. ಸಿಟ್ಟಿರಲಿಲ್ಲ, ಹೊರಗೆ ಚಳಿಯಿದೆ ಅನ್ನುವ ಹಾಗೆ ಹೇಳಿದಳು. "ಏಳು ಮೂವತ್ತೈದಕ್ಕೆ ನಿಮಗೆ ಗೊತ್ತಾಗಿತ್ತು. ನಾನು ಇಲ್ಲೇ ಮೇಲೆ ಮಲಗಿದ್ದೆ. ಬಂದು ಒಂದ್ಸಲ ಬಾಗಿಲು ಬಡಿದಿದ್ರೆ ಸಾಕಿತ್ತು. ಎದ್ದು ಓಡಿ ಬರ್ತಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಮಕ್ಕಳಿಗೆ ಎಷ್ಟೋ ಉತ್ತರ ಕೊಟ್ಟಿದ್ದೇನೆ. ಅವತ್ತು ನನ್ನ ಬಾಯಿಗೆ ಬಂದದ್ದು ಒಂದೇ.

"ನಂಗೆ ತುಂಬ ಸುಸ್ತಾಗಿತ್ತು ಕಣೇ."

ತಿರುವಿನಲ್ಲಿ ಅವಳ ಅಪ್ಪನ ಹಳೆಯ ಗಾಡಿ ಕಾಣಿಸಿತು. ಕೋರಾ ಲೋಟವನ್ನು ನನ್ನ ಕೈಗಿಟ್ಟು ಎದ್ದಳು.

"ನಂಗೂ ಸುಸ್ತಾಗ್ತಿತ್ತು ಮಿಸ್. ದಿನಾ ಬಡೀತಿದ್ದೆ" ಎಂದು ಚೀಲ ಹೆಗಲಿಗೇರಿಸಿಕೊಂಡು ಗಾಡಿಯ ಕಡೆ ನಡೆದಳು.