ಕುಳಿತು ಹೇಳಬೇಕಾದ ಮಾತು

ಒಂದು ಸಾವಿನ ಸುದ್ದಿಯನ್ನು ನಾನು ಹೊರಟ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನೇತಾಡುತ್ತಾ, ದವಡೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಕೈಯಲ್ಲಿ ಸೀಟಿ ಹಿಡಿದು ಹೇಳಿದ್ದೇನೆ. ಹೇಳಿ ಗಾಬರಿಯಾಗಿ ಸೀಟಿಯನ್ನೂ ಊದಿದ್ದೇನೆ. ನಾನು ಮಾಡಿದ ದಡ್ಡತನಗಳನ್ನೆಲ್ಲ ಮೂಟೆ ಕಟ್ಟಿದರೆ ನಮ್ಮ ಬಸ್ಸಿನ ಟಾಪು ಸಾಲುವುದಿಲ್ಲ. ಆದರೆ ಇದೊಂದನ್ನು ಟಾಪಿನ ಮೇಲೆ ಹಾಕಲಾಗದು. ಇದು ಯಾವಾಗಲೂ ಒಳಗೆ, ನನ್ನ ಪಕ್ಕದಲ್ಲೇ ಕೂರುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಖಾಸಗಿ ಬಸ್ಸೊಂದರ ಕಂಡಕ್ಟರ್. ನ್ಯಾಮತಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟು ಹೊನ್ನಾಳಿ, ಚನ್ನಗಿರಿ, ಸಂತೇಬೆನ್ನೂರು ಮುಟ್ಟಿಕೊಂಡು ದಾವಣಗೆರೆಗೆ ಹೋಗುವ ಗಾಡಿ. ಕಂಡಕ್ಟರ್ ಎಂದರೆ ಏನೋ ಅಂದುಕೊಳ್ಳಬೇಡಿ. ಡ್ರೈವರ್ ಇಳಿದು ಚಹಾ ಕುಡಿಯುತ್ತಿದ್ದಾಗ ರೈಟ್ ಕೊಟ್ಟು, ಬಸ್ಸು ಯಾಕೆ ಹೊರಡುತ್ತಿಲ್ಲ ಎಂದು ಅರ್ಧ ಗಳಿಗೆ ಎಂಜಿನ್ನನ್ನು ಬೈದವನು ನಾನು. ಮದುಮಗಳನ್ನು ಸಂತೇಬೆನ್ನೂರಿನಲ್ಲಿ ಇಳಿಸಿ ಅವಳ ಟ್ರಂಕನ್ನು ದಾವಣಗೆರೆ ತೋರಿಸಿಕೊಂಡು ಬಂದವನೂ ನಾನೇ. ಜನ ನಕ್ಕರೆ ಸಾಕು, ನನಗೆ ಸಂಬಳ ಬಂದಷ್ಟು ಸಂತೋಷ.

ಆಗ ಹಳ್ಳಿಗಳಲ್ಲಿ ಫೋನು ಎಲ್ಲಿತ್ತು? ಹೆರಿಗೆ, ನಿಶ್ಚಯ, ಸಾವು ಎಲ್ಲವೂ ಬಸ್ಸಿನ ಮೇಲೆಯೇ ಹೋಗಬೇಕು. ಕಿಟಕಿಗೆ ಕೈ ಇಟ್ಟು ಕಂಡಕ್ಟರನಿಗೆ ಒಂದು ಮಾತು ಹೇಳಿದರೆ ಮುಗಿಯಿತು, ಅದು ತಲುಪಿದ ಹಾಗೆಯೇ ಲೆಕ್ಕ.

ಚನ್ನಗಿರಿಯಲ್ಲಿ ಆ ಮಾತುಗಳು ಇಳಿಯುತ್ತಿದ್ದುದು ಬಸ್ ಏಜೆಂಟರ ಹತ್ತಿರ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ಊರುಗಳ ಹೆಸರು ಕೂಗಿ ಕೂಗಿ ಗಂಟಲು ಹರಿದಿತ್ತು. ಕೂಗುವಾಗ ಕಂಚು, ಮಾತಾಡುವಾಗ ಮರಳಿನಲ್ಲಿ ಚಪ್ಪಲಿ ಎಳೆದ ಸದ್ದು. ಜಗಳೂರು ಕಡೆಯ ಸೊಕ್ಕೆಯವರು. ನಿಮ್ಮೂರಲ್ಲಿ ಎಲ್ಲರೂ ಹೀಗೇ ಪಿಸುಗುಡುತ್ತಾರಾ ಎಂದು ನಾನು ಕೆಣಕಿದರೆ, ನಮ್ಮ ಕಡೆ ಮಳೆಯೂ ಕಮ್ಮಿ ಮಾತೂ ಕಮ್ಮಿ ಎನ್ನುತ್ತಿದ್ದರು.

ಬಸ್ಸಿನ ವೇಳೆ ಕೇಳಲು ಯಾರೇ ಬರಲಿ, ಹೊರೆ ಹೊತ್ತ ಮುದುಕಿಯೇ ಬರಲಿ, ಏಜೆಂಟರು ಸ್ಟೂಲಿನಿಂದ ಎದ್ದು ನಿಂತು ಹೇಳುತ್ತಿದ್ದರು. ದಿನಕ್ಕೆ ಇನ್ನೂರು ಬಸ್ಕಿ ಹೊಡೆಯುತ್ತಾರೆ ಎಂದು ನಾನು ಅವರ ಏಳುವ ಕೂರುವ ನಕಲು ಮಾಡಿ ಡ್ರೈವರುಗಳನ್ನು ನಗಿಸುತ್ತಿದ್ದೆ. ಒಮ್ಮೆ ಅವರೇ ನೋಡಿಬಿಟ್ಟರು. ಸಿಟ್ಟಾಗಲಿಲ್ಲ.

"ಕೂತ್ಕಂಡು ಹೇಳಿದ್ರೆ ಅವ್ರು ಬೇಡಾಕೆ ಬಂದಂಗೆ ಆಗ್ತೈತೆ. ನಿಂತು ಹೇಳಿದ್ರೆ ಕೇಳಾಕೆ ಬಂದಂಗೆ" ಎಂದರು ಅಷ್ಟೇ.

ಸಾವಿನ ಸುದ್ದಿ ಬಂದಾಗ ಮಾತ್ರ ಅವರು ಕೂರುತ್ತಿದ್ದರು. ಮೊದಲು ಅಂಗಿಯ ಕಾಲರಿನ ಗುಂಡಿ ಹಾಕಿಕೊಳ್ಳುವರು. ಆ ಗುಂಡಿ ಬಿತ್ತೆಂದರೆ ಚಹಾದ ಅಂಗಡಿಯವನು ಸಹ ರೇಡಿಯೋ ತಗ್ಗಿಸುತ್ತಿದ್ದ. ಹೋಗಬೇಕಾದ ಬಸ್ಸು ಯಾವುದು, ಜೊತೆಗೆ ಯಾರು ಹೋಗಬಹುದು ಎಂದು ಮೊದಲೇ ನೋಡಿಕೊಳ್ಳುವರು. ಆಮೇಲೆ ಆ ಮನುಷ್ಯನನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಳಿತು, ಮನೆಗೆ ಬೀಗ ಹಾಕಿದೆಯಾ, ಒಲೆ ಆರಿಸಿ ಬಂದೆಯಾ ಎಂದೆಲ್ಲ ಕೇಳಿ, ಕೊನೆಗೆ ಹೇಳುವರು. ಹೇಳಿದ ಮೇಲೆ ಎದುರಿಗಿದ್ದವರು ಏಳುವ ತನಕ ಏಳುತ್ತಿರಲಿಲ್ಲ. ಅಷ್ಟರಲ್ಲಿ ಎರಡು ಬಸ್ಸು ಅವರ ಕೂಗಿಲ್ಲದೆ ಅರ್ಧ ಖಾಲಿ ಹೋಗಿರುತ್ತಿದ್ದವು. ಮಾಲೀಕರು ಬೈದರೆ ತಲೆ ಅಲ್ಲಾಡಿಸುವರು, ಮರುದಿನ ಮತ್ತೆ ಹಾಗೆಯೇ.

ಬೇರೆಯವರೆಲ್ಲ ಇಂಥ ಹೊತ್ತಿನಲ್ಲಿ ನಿಮ್ಮವರಿಗೆ ಹುಷಾರಿಲ್ಲವಂತೆ ಹೋಗಿ ಬನ್ನಿ ಎಂದು ಸುಳ್ಳು ಹೇಳಿ ಬಸ್ಸು ಹತ್ತಿಸುತ್ತಿದ್ದರು. ನಮ್ಮಲ್ಲಿ ಅದೇ ರೂಢಿ. ಏಜೆಂಟರು ಅದಕ್ಕೆ ಒಪ್ಪುತ್ತಿರಲಿಲ್ಲ. "ದಾರಿ ಉದ್ದಕ್ಕೂ ಹರಕೆ ಹೊತ್ಕಂಡು ಹೋಗ್ತಾರೆ, ಪಾಪ. ಆ ಹರಕೆ ಏನು ಮಾಡಾದು?" ಎನ್ನುವರು.

ಅವರ ಸ್ಟೂಲಿನಿಂದ ನಾಲ್ಕು ಮಾರು ದೂರದಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ವೀಳ್ಯದೆಲೆ ಮಾರುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ತವರು ನ್ಯಾಮತಿ ಹತ್ತಿರ, ಸೂರಗೊಂಡನಕೊಪ್ಪದ ದಾರಿಯಲ್ಲಿ ಸಿಗುವ ಹಳ್ಳಿ.

ಆ ದಿನ ನ್ಯಾಮತಿಯಲ್ಲಿ ಅವಳ ಅಣ್ಣ ಓಡಿ ಬಂದು ಕಿಟಕಿ ಹಿಡಿದ. ಬೆಳಗಿನ ಜಾವ ಅಪ್ಪ ತೀರಿಕೊಂಡರು, ಎರಡು ಗಂಟೆಗೆ ಮಣ್ಣು, ತಂಗಿಗೆ ಹೇಳಿ ಕಳಿಸಿ, ಮುಖ ನೋಡಿಕೊಳ್ಳಲಿ, ಕಾಯುತ್ತೇವೆ ಎಂದ. ನಾನು ಎದೆ ಮುಟ್ಟಿಕೊಂಡು ಆಗಲಿ ಎಂದೆ.

ಹತ್ತು ಗಂಟೆಗೆ ಚನ್ನಗಿರಿ ಬಂತು. ಆ ಮೂರು ತಾಸಿನಲ್ಲಿ ಸಿಕ್ಕ ಜಗಳ, ನಗು, ಕೋಳಿ ಬುಟ್ಟಿಗಳ ನಡುವೆ ಆ ಮಾತು ನನ್ನ ತಲೆಯಿಂದ ಎಲ್ಲಿ ಇಳಿದುಹೋಯಿತೋ ಗೊತ್ತಿಲ್ಲ. ನೇರ ಅಕ್ಕನ ಬುಟ್ಟಿಯ ಹತ್ತಿರ ಹೋಗಿ ಎಂದಿನಂತೆ ಎರಡು ಎಲೆ ಕಿತ್ತುಕೊಂಡೆ. ಹೊನ್ನಾಳಿಯಲ್ಲಿ ಒಬ್ಬ ಗೌಡ ಮಲಗಿದ್ದ ಹೆಂಡತಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದುಹೋದದ್ದನ್ನು ನಟಿಸಿ ತೋರಿಸಿದೆ. ಅಕ್ಕ ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಮ್ಮ ಹಿಂದೆಯೇ ಹೊನ್ನಾಳಿ ನ್ಯಾಮತಿ ಕಡೆಯ ಬಸ್ಸು ನಿಂತಿತ್ತು. ಅವಳು ನಗುತ್ತಿದ್ದಾಗಲೇ ಅದು ಹೊರಟಿತು. ಮುಂದಿನದು ಒಂದು ಗಂಟೆಗೆ.

ನಮ್ಮ ಬಸ್ಸೂ ಹೊರಟಿತು. ಫುಟ್‌ಬೋರ್ಡು ಹತ್ತಿ ಕೈ ಬೀಸಲು ತಿರುಗಿದವನಿಗೆ ಅವಳ ಮುಖ ಕಂಡಿತು, ಆಗ ನೆನಪಾಯಿತು. ಅಲ್ಲಿಂದಲೇ ಕೂಗಿಬಿಟ್ಟೆ. "ಅಕ್ಕಾ, ನಿಮ್ಮಪ್ಪ ಹೋದ್ರಂತೆ. ಎರಡಕ್ಕೆ ಮಣ್ಣಂತೆ."

ಅವಳ ಮುಖದ ಮೇಲೆ ನಾನು ನಗಿಸಿದ ನಗು ಇನ್ನೂ ಹಾಗೆಯೇ ಇತ್ತು. ಅದಕ್ಕೆ ಇಳಿಯಲು ಸಹ ಸಮಯ ಸಿಕ್ಕಿರಲಿಲ್ಲ. ಆಗಲೇ ನಾನು ಸೀಟಿ ಊದಿದ್ದು.

ಏಜೆಂಟರು ಕಾಲರಿನ ಗುಂಡಿ ಹಾಕಿಕೊಳ್ಳುತ್ತಾ ಬಸ್ಸಿನ ಮುಂದೆ ಬಂದು ನಿಂತರು. ಡ್ರೈವರ್ ಬ್ರೇಕ್ ಹಾಕಿದ. ಅವರು ನನ್ನ ಕಡೆ ಬಂದು "ಇಳಿ" ಎಂದರು. ನನ್ನ ಟಿಕೆಟ್ ಚೀಲವನ್ನು ತೆಗೆದು ಡ್ರೈವರನಿಗೆ ಕೊಟ್ಟು, ಮಾಲೀಕರಿಗೆ ನಾನು ಹೇಳುತ್ತೇನೆ ಎಂದು ಗಾಡಿ ಕಳಿಸಿದರು. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ಅವಳೆದುರು ನೆಲದ ಮೇಲೆ ಕೂರಿಸಿ, ಮೊದಲಿನಿಂದ ಹೇಳು ಎಂದರು. ಅವಳ ಬುಟ್ಟಿಯಿಂದಲೇ ಕಿತ್ತುಕೊಂಡಿದ್ದ ಎಲೆಯನ್ನು ಉಗಿದು ಬಂದು ಹೇಳಿದೆ.

"ನಿಂಗೆ ಯಾವಾಗ ಗೊತ್ತಾತು?" ಎಂದಳು.

"ಏಳು ಗಂಟೆಗೆ."

ಅವಳು ಹೊನ್ನಾಳಿ ಬಸ್ಸು ನಿಂತಿದ್ದ ಜಾಗ ನೋಡಿದಳು.

ಏಜೆಂಟರು ಊರೆಲ್ಲ ಅಲೆದು, ಹನ್ನೊಂದೂವರೆಗೆ ಹೊನ್ನಾಳಿಗೆ ಭತ್ತ ಒಯ್ಯುವ ಲಾರಿಯೊಂದನ್ನು ಹಿಡಿದರು. ಬುಟ್ಟಿ ತಾವು ನೋಡಿಕೊಳ್ಳುವುದಾಗಿ ಹೇಳಿ ನನ್ನನ್ನೂ ಹತ್ತಿಸಿದರು. ಅಕ್ಕ ಹೋಗು ಅನ್ನುವ ತನಕ ಜೊತೆಗಿರಬೇಕು, ಅದಕ್ಕಿಂತ ಮೊದಲು ಬರಕೂಡದು ಎಂದರು.

ಲಾರಿ ಎರಡು ಕಡೆ ನಿಂತಿತು. ಹೊನ್ನಾಳಿಯಲ್ಲಿ ನ್ಯಾಮತಿ ಬಸ್ಸು ಆಗಷ್ಟೇ ಹೋಗಿತ್ತು. ನ್ಯಾಮತಿಯಿಂದ ಎರಡು ಮೈಲಿ ನಡೆದೆವು, ಕೊನೆಗೆ ಓಡಿದೆವು. ಮುಟ್ಟಿದಾಗ ಮೂರೂಮುಕ್ಕಾಲು. ಅವರು ಒಂದು ತಾಸು ಕಾದಿದ್ದರು. ಆಮೇಲೆ ಹಿರಿಯರು ಇನ್ನು ಇಟ್ಟುಕೊಳ್ಳುವುದು ಬೇಡ ಎಂದರಂತೆ. ಗುಂಡಿಗೆ ಕಡೆಯ ಬುಟ್ಟಿ ಮಣ್ಣು ಬೀಳುತ್ತಿತ್ತು. ಅಕ್ಕ ಒಂದು ಹಿಡಿ ಮಣ್ಣು ಹಾಕಿದಳು. ಮುಖ ನೋಡಲಾಗಲಿಲ್ಲ.

ಅವಳ ಅಣ್ಣ ಊರ ಮಂದಿಯೆದುರಿಗೆ ಕೇಳಿದ: "ಈಗ ಬಂದ್ಯೇನವ್ವ? ಎಲೆ ಮಾರಾದು ಮುಗೀತಾ?"

"ಬಸ್ ಸಿಗ್ಲಿಲ್ಲಣ್ಣ" ಎಂದಳು ಅಕ್ಕ.

ಖಾಕಿ ಅಂಗಿಯಲ್ಲಿ ನಾನು ಅಲ್ಲೇ ನಿಂತಿದ್ದೆ. ಅಣ್ಣ ನನ್ನ ಕಡೆ ತಿರುಗಿ, ಕೆಲಸ ಬಿಟ್ಟು ಇಲ್ಲಿ ತನಕ ಕರಕೊಂಡು ಬಂದೆಯಲ್ಲಪ್ಪ, ದೊಡ್ಡ ಮನಸ್ಸು ನಿಂದು ಎಂದು ಚೊಂಬಿನಲ್ಲಿ ನೀರು ಕೊಟ್ಟ. ನಾನು ಕುಡಿದೆ. ಸಂಜೆ ಅಕ್ಕ ಹೋಗು ಎಂದಳು, ಬಂದೆ.

ಮರುದಿನ ಏಜೆಂಟರಿಗೆ ಎಲ್ಲ ಹೇಳಿದೆ. ಅಕ್ಕ ನನ್ನ ಹೆಸರೆತ್ತಲಿಲ್ಲ, ಬಚಾವಾದೆ ಎಂದೂ ಹೇಳಿದೆ. ಅಷ್ಟು ದಡ್ಡ ನಾನು. ಅವರು ಕೇಳಿದರು:

"ನೀರು ಕುಡಿದ್ಯಾ?"

"ಕುಡಿದೆ."

"ಆ ಬೈಗುಳ ಯಾರ್ದು? ನಿಂದಲ್ವಾ? ಅದನ್ನ ಆ ಹೆಣ್ಮಗಳು ತವರಿನಾಗೆ ನಿಂತು ತಿಂದ್ಲು. ಭಾನುವಾರ ಹೋಗಾನ."

ಏಜೆಂಟರು ಸ್ಟ್ಯಾಂಡು ಬಿಟ್ಟು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ದಾರಿಯಲ್ಲಿ ಒಂದೇ ಮಾತಾಡಿದರು. "ನಿನ್ನ ತಪ್ಪು ಎಷ್ಟೈತೋ ಅಷ್ಟೇ ಹೇಳು. ಅದರ ಮ್ಯಾಲೆ ಒಂದು ಮಾತು ಬ್ಯಾಡ." ತಪ್ಪೊಪ್ಪಿಕೊಳ್ಳುವವನು ಎಲ್ಲವನ್ನೂ ಹೇಳಬೇಕಲ್ಲವೇ, ಇದೇನು ಹೀಗೆ ಎನ್ನಿಸಿತು ನನಗೆ.

ಅಣ್ಣನ ಮನೆಯಲ್ಲಿ ಜಗುಲಿಯ ಮೇಲೆ ಕುಳಿತೆವು. ಏಜೆಂಟರು ನನ್ನ ಮಗ್ಗುಲಲ್ಲೇ ಕುಳಿತರು, ಗುಂಡಿ ಹಾಕಿಕೊಂಡು. ನಾನು ಶುರು ಮಾಡಿದೆ. ಸುದ್ದಿ ಮರೆತದ್ದು, ಹತ್ತರ ಬಸ್ಸು ತಪ್ಪಿದ್ದು ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು, ಅಳುವವನಿಗೆ ಬಾಯಿ ಹಿಡಿತ ಇರುವುದಿಲ್ಲ. "ಬುಟ್ಟಿ ಹತ್ರ ತಮಾಷೆ ಮಾಡ್ಕಂತ ನಿಂತಿದ್ದೆ ಅಣ್ಣಾರೆ, ಅಕ್ಕಾನೂ..." ಎನ್ನುವಷ್ಟರಲ್ಲಿ ಏಜೆಂಟರ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ಬೆರಳುಗಳು ಮೂಳೆಗೆ ತಾಗುವಂತೆ ಒತ್ತಿದವು.

"ಸುದ್ದಿ ಇವನ ಹತ್ರ ಇತ್ತು. ಇವನು ಮರ್ತ. ನಿಮ್ಮ ತಂಗೀದು ಏನೂ ತಪ್ಪಿಲ್ಲ. ಇಷ್ಟೇರಿ" ಎಂದರು ಅವರು.

ಅಣ್ಣ ನನ್ನನ್ನು ಹೊಡೆಯುತ್ತಾನೆಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ನೋಡಲೇ ಇಲ್ಲ. "ಅಷ್ಟು ಮಂದಿ ಎದುರಿಗೆ ಅವಳಿಗೆ ಎಲೆ ಮಾರಾದು ಮುಗೀತಾ ಅಂದ್ನಲ್ರಿ" ಎಂದು ತಲೆ ತಗ್ಗಿಸಿ ಕುಳಿತ. ಅವನು ಏಳುವ ತನಕ ಏಜೆಂಟರು ಏಳಲಿಲ್ಲ. ಆ ವಾರವೇ ಅವನು ಚನ್ನಗಿರಿಗೆ ಬಂದು, ತಂಗಿಯ ಬುಟ್ಟಿಯ ಪಕ್ಕ ಮಧ್ಯಾಹ್ನದ ತನಕ ಕುಳಿತು ಹೋದ. ಏನು ಮಾತಾಡಿದರೋ ತಿಳಿಯದು. ಏಜೆಂಟರು ಆ ಕಡೆ ಬೆನ್ನು ಹಾಕಿ ಸ್ಟೂಲು ತಿರುಗಿಸಿಕೊಂಡಿದ್ದರು, ನನ್ನನ್ನೂ ತಿರುಗಿಸಿದರು.

ಮೂರು ವರ್ಷದ ಮೇಲೆ ಏಜೆಂಟರಿಗೆ ಕೆಮ್ಮು ಹೆಚ್ಚಾಗಿ ಸೊಕ್ಕೆಗೆ ಹೋದವರು ಮತ್ತೆ ಬರಲಿಲ್ಲ. ಅವರ ಮಣ್ಣಿಗೆ ಚನ್ನಗಿರಿ ಸ್ಟ್ಯಾಂಡಿನಿಂದ ಹೋದವರು ಆರೇಳು ಜನ. ಅದರಲ್ಲಿ ನಾನೂ ಇದ್ದೆ, ಅಕ್ಕನೂ ಇದ್ದಳು. ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಬಿಳಿ ಅಂಗಿ ತೊಡಿಸಿದ್ದರು, ಮುಖ ನೋಡಿಕೊಂಡೆವು.

ವಾಪಸು ಬರುವಾಗ ಜಗಳೂರಿನಿಂದ ಹತ್ತಿದ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕುಳಿತಳು. ಆ ದಿನದ ಮಾತನ್ನು ನಾವಿಬ್ಬರೂ ಅಲ್ಲಿಯವರೆಗೆ ಎತ್ತಿರಲಿಲ್ಲ. ಬಿಸಿಲಿನ ಬಯಲು ನೋಡುತ್ತಾ, ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದವಳ ಹಾಗೆ ಕೇಳಿದಳು.

"ನಮ್ಮಣ್ಣಗೆ ಎಲ್ಲ ಹೇಳಿದ್ಯಲ್ಲ ತಮ್ಮಾ. ನಾನು ಆವತ್ತು ನಕ್ಕಿದ್ದು ಹೇಳಿದ್ಯಾ?"

"ಹೇಳಾಕೆ ಹೋಗಿದ್ದೆ ಅಕ್ಕ. ಏಜೆಂಟ್ರು ಬಿಡ್ಲಿಲ್ಲ."

ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅಂದಳು:

"ಹಂಗಾದ್ರೆ ಅದು ಗೊತ್ತಿರೋರು ಈಗ ನಾವಿಬ್ರೇ."